ಬಂಬಿಗೆ ಜಾಗ ಹುಡುಕಿದ ನಮ್ಮಜ್ಜ

ನೀರು ಕಾಯಿಸುವ ಬಂಬನ್ನು ಎಲ್ಲಿಡಬೇಕು ಅಂತ ನಿಮ್ಮ ಮನೆಯಲ್ಲಿ ಎಂದಾದರೂ ಜಗಳವಾಗಿದೆಯೇ? ಆಗಿದ್ದರೆ ಬನ್ನಿ, ನೀವು ನಮ್ಮವರು. ನಮ್ಮಜ್ಜ ಹೆಣ್ಣು ನೋಡಿ ಒಪ್ಪಿದ್ದು ಬಾಯೊಳಗಿನ ಎಲೆ-ಅಡಿಕೆ ಮುಗಿಯುವುದರೊಳಗೆ. ಬಂಬಿಗೆ ಜಾಗ ಒಪ್ಪುವಷ್ಟರಲ್ಲಿ ಮಾತ್ರ ಸವಣೂರಿನ ನಮ್ಮ ಓಣಿಗೇ ಸಾಕುಸಾಕಾಗಿತ್ತು!

ಇದು ನಲವತ್ತರ ದಶಕದ ಮಾತು. ನಾನಿನ್ನೂ ಹುಟ್ಟಿರಲಿಲ್ಲ. ಅಜ್ಜಿ ಹೇಳಿ ಹೇಳಿ ನಾನೇ ಕಂಡಂತಾಗಿದೆ.

ಅಂಗಳದಾಚೆಯ ಬಚ್ಚಲಿನ ಒಲೆಯಲ್ಲಿ ಹೂತಿದ್ದ ಹಳೆಯ ಹಂಡೆ ತಳ ಒಡೆದುಕೊಂಡಿತು. ಒಡೆಯಲು ಅದಕ್ಕೆ ಬೇರೆ ಮುಹೂರ್ತ ಸಿಗಲಿಲ್ಲ ನೋಡಿ. ಹಿರೇಕೆರೂರಿಗೆ ಕೊಟ್ಟಿದ್ದ ನಮ್ಮ ಸೋದರತ್ತೆ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಇವತ್ತೋ ನಾಳೆಯೋ ಎನ್ನುವಂತಿತ್ತು. ಬಾಣಂತಿಗೆ ದಿನಾ ಸುಡುಸುಡು ನೀರು ಎರೆಯದಿದ್ದರೆ ಹೇಗೆ? ಅಜ್ಜ ತಾಮ್ರದ ಬಂಬ್ ತಂದ. ಹೊಟ್ಟೆಯ ನಡುವೆ ಕೆಂಡದ ಕೊಳವೆ, ಕೆಳಗೆ ನಳ. ಹಂಡೆಯಂತೆ ಒಂದೇ ಕಡೆ ಕೂರುವ ವಸ್ತುವಲ್ಲ, ಎಲ್ಲಿ ಬೇಕಾದರೂ ಇಡಬಹುದು. ಆ ಸ್ವಾತಂತ್ರ್ಯವೇ ಅನಾಹುತಕ್ಕೆ ಕಾರಣ.

ಮೊದಲು ಎತ್ತು ಕಟ್ಟುವ ಜಾಗ. ಅಜ್ಜ ಅಲ್ಲಿ ಹೋಗಿ ಅಲುಗಾಡದೆ ನಿಂತ.

“ಏನ್ ಮಾಡಾಕತ್ತೀರಿ?” ಅಜ್ಜಿ ಕೇಳಿದಳು.

“ಬಂಬ್ ಇಲ್ಲಿ ನಿಂತ್ರ ಅದಕ್ಕ ಹೆಂಗ ಅನಸ್ತೈತಿ ನೋಡಾಕತ್ತೇನಿ.”

“ಹೊಟ್ಟಿ ಅಂತೂ ಬರೋಬ್ಬರಿ ಐತಿ,” ಎಂದಳು ಅಜ್ಜಿ. “ನಳಾ ಒಂದ ಕಮ್ಮಿ.”

ಅಷ್ಟರಲ್ಲಿ ಎತ್ತು ಅಜ್ಜನ ರುಮಾಲು ಮೇಯತೊಡಗಿತ್ತು. ಆ ಜಾಗ ರದ್ದು.

ಆಮೇಲೆ ಅಡಿಗೆಮನೆ. ಅಜ್ಜ ಬಂಬಿಗೆ ಬೆಂಕಿ ಹಾಕಿಯೇ ನೋಡಿದ. ಮೇಲೆ ಅಟ್ಟದಲ್ಲಿ ವರ್ಷಕ್ಕಾಗುವಷ್ಟು ಬ್ಯಾಡಗಿ ಮೆಣಸಿನಕಾಯಿ ಇರುವುದು ಅವನಿಗೆ ನೆನಪಿರಲಿಲ್ಲ. ಕಿಡಿ ಹಾರಿ ಚೀಲಕ್ಕೆ ತಗುಲಿದಾಗ ನೆನಪಾಯಿತು. ಓಣಿಯೆಲ್ಲ ಕೆಮ್ಮಿತು. ಖಾರಾ-ಚೂಡಾ ಮಾಡಿ ಮಾರುವ ಪಕ್ಕದ ಮನೆಯವರು ಕಣ್ಣೊರೆಸಿಕೊಳ್ಳುತ್ತ ಗೋಡೆಯ ಮೇಲಿಂದ ಇಣುಕಿದರು.

“ಸಾವ್ಕಾರ್ರ, ನಾವೂ ಖಾರಾ ಮಾಡ್ತೇವ್ರಿ. ಆದ್ರ ಹಿಂಗ ಓಣಿಗೆಲ್ಲಾ ಪುಕ್ಕಟ ಹಂಚೂದಿಲ್ರಿ.”

ಮರುದಿನ ಅಜ್ಜ ಕಂಬಳಿ ಹೊದ್ದು, ಕಿವಿಗೆ ಅಜ್ಜಿಯ ಹಳೇ ಸೀರೆ ಸುತ್ತಿಕೊಂಡು ಬಾಣಂತಿ ಕೋಣೆಯ ಬಾಗಿಲಿನಿಂದ ಹೊರಟ. ಬಗ್ಗಿ, ಸೊಂಟ ಹಿಡಿದುಕೊಂಡು, ಅಂಗಳ ದಾಟಿ ಬಚ್ಚಲಿಗೆ ಹೋದ, ಬಂದ. ಮತ್ತೆ ಹೋದ. ಆ ಹೊತ್ತಿಗೇ ಹಾನಗಲ್ಲಿನಿಂದ ವೀಳ್ಯದೆಲೆ ವ್ಯಾಪಾರಿ ಬರಬೇಕೆ?

“ಅವ್ವಾರ, ಸಾವ್ಕಾರ್ರು ಅದಾರೇನ್ರಿ?”

ಕಂಬಳಿಯೊಳಗಿಂದ ಮೀಸೆ ಹೊರಬಂತು. “ಅದಾರ. ಬಾಣಂತನದಾಗ ಅದಾರ. ನಾಳೆ ಬಾ.”

ಅಜ್ಜಿಗೆ ರೇಗಿತು. “ಒಳಗ ಮಗಳು ಬ್ಯಾನಿ ತಿನ್ನಾಕತ್ತಾಳ, ನಿಮಗ ಸೋಗಿನ ಆಟ! ಹುಟ್ಟೂ ಕೂಸಿಗೆ ತಣ್ಣೀರು ಎರೀಲೇನು?”

ಅಜ್ಜ ಕಂಬಳಿ ಕಿತ್ತೆಸೆದು ಪಡಸಾಲೆಗೆ ನಡೆದ. ಅಲ್ಲಿ ಬಾಣಂತಿ ಕೋಣೆಯ ಬಾಗಿಲಿಗೆ ಹೊಂದಿಕೊಂಡ ಮೂಲೆಯಲ್ಲಿ ಅವನ ಗಾದಿ ಇತ್ತು. ಅವನಪ್ಪ ಕೂತು ಎಲೆ ವ್ಯಾಪಾರ ಮಾಡಿದ ಜಾಗ; ಬೇರೆಯವರು ಅಲ್ಲಿ ಕಾಲಿಟ್ಟರೂ ಸಿಡುಕುತ್ತಿದ್ದ. ಆ ಗಾದಿಯನ್ನು ತಾನೇ ಸುತ್ತಿ ಎಸೆದ. ಹಾರೆ ತಂದು, ನೀರು ಹರಿಯಲು ಗೋಡೆಗೆ ತೂತು ಹೊಡೆಯತೊಡಗಿದ.

“ಮತ್ತ ಯಾಪಾರ ಎಲ್ಲಿ ಕುಂತು ಮಾಡ್ತೀರಿ?”

“ಬಚ್ಚಲದಾಗ. ಅದು ಖಾಲೀನ ಐತಲ್ಲ.”

ಅಜ್ಜಿ ನಗಲು ಬಾಯಿ ತೆರೆದಳು. ಅಜ್ಜ ಗೋಡೆಯ ಕಡೆಗೇ ಮುಖ ಮಾಡಿ ಹೇಳಿದ: “ಸಣ್ಣ ಮಗನ ಬಾಣಂತನದಾಗ ನೀ ದಿನಾ ಆ ಅಂಗಳಾ ದಾಟಿ ಎರಕೊಂಡು ಬರ್ತಿದ್ದಿ. ಥಂಡಿ ಹತ್ತಿ ಸಾಯೂವಂಗ ಬಿದ್ದಿದ್ದಿ. ಅಲ್ಲಿ ಗಾಳಿ ಎಷ್ಟ ಕೊರೀತೈತಿ ಅನ್ನೂದು ನನಗ ಇವತ್ತ ಗೊತ್ತಾತು ನೋಡು.”

ಅಜ್ಜಿ ನಗಲಿಲ್ಲ. ಕೊಡ ಎತ್ತಿಕೊಂಡು ಬಂದು ಬಂಬಿಗೆ ನೀರು ತುಂಬತೊಡಗಿದಳು. ಸಂಜೆಗೆ ಹುಟ್ಟಿದ ನಮ್ಮತ್ತೆಯ ಮಗಳು ಆ ನೀರು ಎರೆಸಿಕೊಂಡು ಕಿರುಚಿದ ಕಿರುಚಾಟ ಊರಾಚೆಯ ವೀಳ್ಯದೆಲೆ ತೋಟದವರೆಗೂ ಕೇಳಿಸಿತಂತೆ.

ನಿಮ್ಮ ಮನೆಯಲ್ಲೂ ಹೀಗೆ ಮಾತಿನಲ್ಲಿ ಹೇಳದೆ ಹಾರೆ ಹಿಡಿದು ಗೋಡೆ ಒಡೆದವರು ಇದ್ದಾರೆಯೇ? ಕೆಳಗೆ ಬರೆಯಿರಿ. ಒಂದೂ ಬಿಡದೆ ಓದುತ್ತೇನೆ.