ಬೂದನೂ ನಾನೂ ಸೇರಿ ನೂರಾ ಹದಿನೆಂಟು ಕಿಲೋ

ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ, ಒಲೆ ಹಚ್ಚುವ ಮೊದಲು, ಹೊಲಿಗೆ ಮೆಷಿನ್ ಮುಂದಿನ ಸ್ಟೂಲಿನ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ದೇವರ ಹತ್ತಿರ ನನ್ನದು ಮಾತು ಕಡಿಮೆ. ದಿನವಿಡೀ ಗಿರಾಕಿಗಳ ಮಾತು ಕೇಳಿ ರೂಢಿಯಾದವಳು, ಅಲ್ಲೂ ಸುಮ್ಮನೆ ಕಿವಿಗೊಟ್ಟು ಕೂತಿರುತ್ತೇನೆ. ಹಾಗೆ ಒಂದು ಬೆಳಗ್ಗೆ ಹತ್ತು ನಿಮಿಷ ಮುಗಿಸಿ ಎದ್ದವಳೇ ಯಜಮಾನರ ಮುಂದೆ ನಿಂತು ಘೋಷಿಸಿದೆ:

"ಇವತ್ತಿನಿಂದ ಬೂದನಿಗೆ ಹಸಿ ಮಾಂಸದ ಊಟ. ಚೀಲದಲ್ಲಿ ಬರೋ ಒಣ ತಿಂಡಿ ಈ ಮನೆ ಹೊಸಿಲು ದಾಟಕೂಡದು."

ಬೂದ ಅಂದರೆ ಹಿಂದಿನ ದಿನವಷ್ಟೇ ನಮ್ಮ ಮನೆಗೆ ಬಂದ ನಾಯಿ. ನಾಯಿ ಅಂದರೆ ಅರ್ಧ ಮಾತು ಹೇಳಿದಂತೆ. ಅದರ ಅಜ್ಜಿ ತೋಳವಂತೆ. ಬೂದು ಮೈ, ಹಳದಿ ಕಣ್ಣು, ಊಟದ ಮೇಜಿನ ಮೇಲೆ ಏನೇನಿದೆ ಎಂದು ಕತ್ತೆತ್ತದೆಯೇ ತಪಾಸಣೆ ಮಾಡುವಷ್ಟು ಎತ್ತರ. ಯಾರೋ ಸಾಕಲಾರದೆ ಬಿಟ್ಟುಹೋದ ನಾಯಿಗಳ ಆಶ್ರಯದಿಂದ ಅದನ್ನು ತಂದದ್ದು, ಅದೂ ಆರು ವಾರದ ಪರೀಕ್ಷೆಯ ಮೇಲೆ. ಮೊದಲ ವಾರದಲ್ಲೇ ತೂಕ ನೋಡಿ ಬರೆದು ಕಳಿಸಬೇಕು. ಆರು ವಾರ ಕಳೆದ ಮೇಲೆ ಆಶ್ರಯದ ಮೇಡಂ ಬಂದು ಮತ್ತೆ ತೂಕ ಹಾಕಿಸುತ್ತಾರೆ. ತೂಕ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದಿದ್ದರೆ ಅಲ್ಲಿಂದಲೇ ವಾಪಸ್ ಕರೆದೊಯ್ಯುತ್ತಾರೆ. ಆಮೇಲೆ ನಾವು ಎಷ್ಟು ಗೋಗರೆದರೂ ಕೊಡುವುದಿಲ್ಲ.

ಬಂದ ದಿನವೇ ಅದು ನನ್ನ ಮೆಷಿನ್ ಪೆಡಲಿನ ಪಕ್ಕ ತಲೆಯಿಟ್ಟು ಮಲಗಿಬಿಟ್ಟಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಈ ಪ್ರಾಣಿಯನ್ನು ವಾಪಸ್ ಕೊಡುವ ಮಾತೇ ಇಲ್ಲ ಎಂದು ಅವತ್ತೇ ತೀರ್ಮಾನ ಮಾಡಿದ್ದೆ.

"ಹಸಿ ಮಾಂಸ ಹಾಕೋಕೆ ನೀನೇನು ಡಾಕ್ಟರಾ?" ಅಂದರು ಯಜಮಾನರು.

"ಹೊಲಿಗೆ ಕಲಿಯೋಕೆ ನಾನು ಯಾವ ಶಾಲೆಗೆ ಹೋಗಿದ್ದೆ?"

ಅವರು ಮೈಮೇಲಿದ್ದ, ನಾನೇ ಹೊಲಿದ ಶರ್ಟಿನ ಗುಂಡಿ ಹಾಕಿಕೊಳ್ಳತೊಡಗಿದರು.

ನಾನು ಬರೀ ಬಾಯಿಮಾತಿನ ಪಂಡಿತೆಯಲ್ಲ. ಬೂದ ಬರುವ ಮೊದಲೇ, ದೊಡ್ಡ ನಾಯಿ ಸಾಕಿದ ನಾಲ್ಕು ಜನರನ್ನು ಫೋನಿನಲ್ಲಿ ಹಿಡಿದು, ಅವರು ಹೇಳಿದ್ದನ್ನೆಲ್ಲ ಅಡ್ಡಬಾಯಿ ಹಾಕದೆ ಕೇಳಿದ್ದೆ. ಮಾಂಸದ ಅಂಗಡಿಯವನ ಮುಂದೆ ಒಂದು ಗಂಟೆ ನಿಂತಿದ್ದೆ. ಅವನ ಸೊಂಟನೋವಿನ ಕಥೆಯನ್ನೂ ಪೂರ್ತಿ ಕೇಳಿದ್ದರಿಂದ, ಯಾವ ಎಲುಬು ಮೆತ್ತಗೆ, ಯಾವುದು ಹಲ್ಲು ಮುರಿಯುತ್ತದೆ ಎಂದು ಒಂದೊಂದನ್ನೂ ಮುಟ್ಟಿಸಿ ತೋರಿಸಿದ. ಕೊನೆಗೆ ಪಶುವೈದ್ಯರು ಹೇಳಿದ್ದು ಇಷ್ಟು:

"ಹಾಕಬಹುದು ಅಮ್ಮ. ಆದರೆ ಅಳತೆ ತಪ್ಪಬಾರದು. ದಿನಕ್ಕೆ ನಾಯಿಯ ತೂಕದಲ್ಲಿ ನಲವತ್ತನೇ ಒಂದು ಭಾಗ. ಮೊದಲು ಸರಿಯಾದ ತೂಕ ತಿಳ್ಕೊಳ್ಳಿ."

ಅಳತೆ ತಪ್ಪಬಾರದಂತೆ. ಇಪ್ಪತ್ತು ವರ್ಷದಿಂದ ಕೊರಳಲ್ಲಿ ಟೇಪು ಹಾಕಿಕೊಂಡು ಓಡಾಡುವವಳಿಗೆ ಈ ಮಾತು! ನಾನು ನಕ್ಕು ಎದ್ದುಬಂದೆ.

ನನ್ನ ಯಜಮಾನರು ಪಾರ್ಸಲ್ ಆಫೀಸಿನಲ್ಲಿ ತೂಕದ ಗುಮಾಸ್ತರು. ಅಲ್ಲಿ ನೆಲದ ಮಟ್ಟಕ್ಕೆ ಕೂರಿಸಿದ ದೊಡ್ಡ ತೂಕದ ಯಂತ್ರವಿದೆ. ಅದರ ಬಗ್ಗೆ ಅವರಿಗಿರುವ ಅಭಿಮಾನ ಅಷ್ಟಿಷ್ಟಲ್ಲ. "ನಮ್ಮ ಯಂತ್ರ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಸುಳ್ಳು ಹೇಳಿಲ್ಲ" ಎನ್ನುವುದು ಮನೆಗೆ ಬಂದ ನೆಂಟರೆಲ್ಲ ಕೇಳಿರುವ ಮಾತು. ಬೂದನನ್ನು ಅಲ್ಲಿಗೇ ಕರೆದೊಯ್ದೆವು.

ಬೂದ ಹಲಗೆಯ ಮೇಲೆ ಒಂದು ಕಾಲಿಟ್ಟ. ಅದು ಸ್ವಲ್ಪ ಅಲುಗಿತು. ಕಾಲು ವಾಪಸ್ ತೆಗೆದುಕೊಂಡು ನನ್ನ ಹಿಂದೆ ಬಂದು ನಿಂತ. ಮುದ್ದು ಮಾಡಿದೆವು, ಮಾಂಸ ತೋರಿಸಿದೆವು, ಯಜಮಾನರು ತಾವೇ ಹತ್ತಿ ಇಳಿದು ಮಾದರಿ ತೋರಿಸಿದರು. ಅವನು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನಾನು ಹತ್ತಿ ನಿಂತೆ. ತಕ್ಷಣ ಅವನೂ ಹತ್ತಿ ನನ್ನ ಕಾಲಿಗೆ ಒರಗಿಕೊಂಡ.

"ಇಬ್ಬರದೂ ಸೇರಿ ನೂರಾ ಹದಿನೆಂಟು," ಎಂದು ಯಜಮಾನರು ಆಫೀಸಿನ ಗಂಟಲಿನಲ್ಲಿ ಕೂಗಿ, ಪೆನ್ಸಿಲ್ ಕಿವಿಯಿಂದ ತೆಗೆದರು. "ನಿಂದೆಷ್ಟು? ಕಳೆದುಬಿಡೋಣ."

ಸುತ್ತ ನಾಲ್ವರು ಸಹೋದ್ಯೋಗಿಗಳು ಕೆಲಸ ಬಿಟ್ಟು ನಿಂತಿದ್ದರು. ಒಬ್ಬರಂತೂ ತೋಳ ನೋಡಲು ಕನ್ನಡಕ ಒರೆಸಿಕೊಂಡು ಬಂದಿದ್ದರು.

"ಅರವತ್ತೊಂದು," ಅಂದೆ.

ನಾನು ಸುಳ್ಳು ಹೇಳಲಿಲ್ಲ. ಅದು ಸತ್ಯವೇ, ಆದರೆ ಏಳು ವರ್ಷ ಹಳೆಯದು. ನಡುವೆ ನನ್ನ ಬಟ್ಟೆಗಳ ಪಕ್ಕದ ಹೊಲಿಗೆ ಬಿಚ್ಚಿ ಆಗಾಗ ಕಾಲಿಂಚು ಬಿಟ್ಟಿದ್ದುಂಟು. ಕಾಲಿಂಚನ್ನು ಯಾರು ಲೆಕ್ಕ ಇಡುತ್ತಾರೆ? ಹೋದ ವರ್ಷದ ಅಳತೆಗೇ ಹೊಲಿಯಿರಿ ಎನ್ನುವ ಗಿರಾಕಿಗಳನ್ನು ಕಂಡು ಒಳಗೊಳಗೇ ನಗುತ್ತಿದ್ದವಳು ನಾನು.

ಯಜಮಾನರು ನನ್ನನ್ನು ಒಂದು ಕ್ಷಣ ನೋಡಿದರು. ಹಾಗೇ ಬರೆದುಕೊಂಡರು. ನೂರಾ ಹದಿನೆಂಟರಲ್ಲಿ ಅರವತ್ತೊಂದು ಕಳೆದು, ಬೂದ ಐವತ್ತೇಳು ಕಿಲೋ. ಆ ಚೀಟಿ ಆಶ್ರಯಕ್ಕೆ ಹೋಯಿತು. ಐವತ್ತೇಳು ಕಿಲೋಗೆ ತಕ್ಕ ಊಟ, ದಿನಕ್ಕೆ ಒಂದು ಕಿಲೋ ನಾನೂರ ಇಪ್ಪತ್ತೈದು ಗ್ರಾಂ, ಬೂದನ ತಟ್ಟೆಗೆ ಬಂತು.

ಎರಡು ವಾರ ಅವನು ಮರ್ಯಾದೆಗೆ ತಿಂದ. ಆಮೇಲೆ ತೋಳಜ್ಜಿಯ ಬುದ್ಧಿ ತಲೆಯೆತ್ತಿತು. ಹೊಟ್ಟೆ ತುಂಬಿದ ಮೇಲೆ ಉಳಿದದ್ದನ್ನು ಬಚ್ಚಿಡತೊಡಗಿದ.

"ನನ್ನ ಆಫೀಸ್ ಬ್ಯಾಗಲ್ಲಿ ಲಿವರ್ ಇದೆ," ಎಂದು ಒಂದು ಬೆಳಗ್ಗೆ ಯಜಮಾನರು ಬಾಗಿಲಲ್ಲಿ ನಿಂತು ಹೇಳಿದರು.

"ಮುಂದಿನ ಖಾನೆಯಲ್ಲೋ, ಹಿಂದಿನದರಲ್ಲೋ?"

"ಎರಡಕ್ಕೂ ಏನು ವ್ಯತ್ಯಾಸ?"

"ಹಿಂದಿಂದು ನಿನ್ನೇದು, ಬಿಸಾಡಿ. ಮುಂದಿಂದು ಈಗ ತಾನೇ ಕೊಟ್ಟಿದ್ದು, ಫ್ರಿಜ್ಜಲ್ಲಿಡಿ."

"ಅದಕ್ಕೆ ಊಟ ಜಾಸ್ತಿ ಆಗಿದೆ. ನೋಡಿದರೆ ಗೊತ್ತಾಗಲ್ವಾ?"

"ಲೆಕ್ಕ ಹಾಕಿ ಕೊಡ್ತಿರೋದು. ನಿಮ್ಮದೇ ಯಂತ್ರ, ನಿಮ್ಮದೇ ಪೆನ್ಸಿಲ್. ಯಾವುದರ ಮೇಲೆ ಅನುಮಾನ, ಹೇಳಿ."

ಅವರು ಬ್ಯಾಗು ತೊಳೆಯಲು ಹೋದರು.

ಅದೇ ವಾರ ಬ್ಯಾಂಕಿನ ಮ್ಯಾನೇಜರಮ್ಮ ಹೊಸ ಕೋಟು ಹಾಕಿ ನೋಡಲು ಬಂದರು. ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ, ಗತ್ತಿನಿಂದ ಜೇಬಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು.

"ಜೇಬಲ್ಲಿ ಏನೋ ತಣ್ಣಗಿದೆ."

"ಹೊಸ ಬಟ್ಟೆ, ಒಳಗಿನ ಅಸ್ತರು ಹಾಗೇ ಇರುತ್ತೆ," ಅಂದೆ, ಗುಂಡಿ ಹೊಲಿಯುತ್ತಾ.

"ಅಸ್ತರಿಗೆ ಎಲುಬು ಇರುತ್ತಾ?"

ಅದು ಕೋಳಿಯ ಕತ್ತು. ಮ್ಯಾನೇಜರಮ್ಮ ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದುಕೊಂಡು, ಕೋಟನ್ನು ಅಲ್ಲೇ ಬಿಟ್ಟು ಹೋದರು. ಬೂದ ಕೋಟಿನ ಹತ್ತಿರ ಬಂದು, ಜೇಬು ಖಾಲಿಯಿರುವುದನ್ನು ನೋಡಿ, ನನ್ನನ್ನು ಕಳ್ಳಿಯನ್ನು ನೋಡುವಂತೆ ನೋಡಿದ.

ಇಷ್ಟಾದರೂ ನಾನು ಬಗ್ಗಲಿಲ್ಲ. ಹಸಿ ಊಟದ್ದೇನೂ ತಪ್ಪಿಲ್ಲ ಎಂದು ಗಟ್ಟಿಯಾಗಿ ಗೊತ್ತಿತ್ತು. ಅವನ ಕೂದಲು ಮಿಂಚುತ್ತಿತ್ತು, ಹಲ್ಲು ಬೆಳ್ಳಗಿತ್ತು. ಆದರೆ ಬೆಳಗ್ಗೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿದರೆ ಸಾಕು, ಅರವತ್ತೊಂದು ಎನ್ನುವ ಸಂಖ್ಯೆ ಬಂದು ಎದುರು ನಿಲ್ಲುತ್ತಿತ್ತು. ಹತ್ತು ನಿಮಿಷದಲ್ಲಿ ಒಂಬತ್ತು ನಿಮಿಷ ಅದೇ. ಕೊನೆಗೆ ಯಾರಿಗೂ ಹೇಳದೆ ಊಟದಲ್ಲಿ ಇನ್ನೂರು ಗ್ರಾಂ ಕಡಿಮೆ ಮಾಡಿದೆ. ಚೀಟಿಯಲ್ಲಿ ಮಾತ್ರ ಐವತ್ತೇಳು ಹಾಗೇ ಉಳಿಯಿತು. ಅದನ್ನು ತಿದ್ದಬೇಕಾದರೆ ಕಾರಣ ಹೇಳಬೇಕಲ್ಲ.

ಆರು ವಾರ ಕಳೆದ ಮೇಲೆ ಪಶುವೈದ್ಯರ ಆಸ್ಪತ್ರೆಯಲ್ಲಿ ಸೇರಿದೆವು. ಆಶ್ರಯದ ಮೇಡಂ ಫೈಲು ಹಿಡಿದು ಕೂತಿದ್ದರು. ಬೂದ ಈಗ ಧೈರ್ಯವಂತ. ನೆಲಕ್ಕೆ ಹಾಸಿದ ಚಾಪೆಯ ಮೇಲೆ ಒಬ್ಬನೇ ಹೋಗಿ ನಿಂತ. ಚಾಪೆಯ ಕೆಳಗೆ ತೂಕದ ಯಂತ್ರವಿತ್ತು.

"ನಲವತ್ತೊಂಬತ್ತು," ಅಂದರು ಡಾಕ್ಟರು.

ಮೇಡಂ ಫೈಲು ತೆರೆದರು. ಮತ್ತೆ ಬೂದನನ್ನು ನೋಡಿದರು. ಮತ್ತೆ ಫೈಲು.

"ಐವತ್ತೇಳು ಇದ್ದದ್ದು ನಲವತ್ತೊಂಬತ್ತು. ಆರು ವಾರದಲ್ಲಿ ಎಂಟು ಕಿಲೋ ಇಳಿಸಿದ್ದೀರಿ. ನೋಡೋಕೆ ದುಂಡಗಿದ್ದಾನೆ, ನಿಜ. ಆದರೆ ಕಾಗದ ಹೀಗೆ ಹೇಳ್ತಿದೆ. ನಮ್ಮ ನಿಯಮದ ಪ್ರಕಾರ ನಾನು ಅವನನ್ನು ಈಗಲೇ ಕರ್ಕೊಂಡು ಹೋಗಬೇಕು."

ಅವರು ಬ್ಯಾಗಿನಿಂದ ಹಗ್ಗ ತೆಗೆದರು. ಬೂದ ಬಾಲ ಆಡಿಸಿದ. ತಿರುಗಾಡಲು ಹೋಗುತ್ತೇವೆ ಅಂದುಕೊಂಡನೋ ಏನೋ. ನಾನು ಅವನ ಕೊರಳಪಟ್ಟಿ ಹಿಡಿದುಕೊಂಡೆ.

ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಸುಮ್ಮನಿರು. ನಮ್ಮ ಆಫೀಸಿನ ಯಂತ್ರ ಅವತ್ತು ಕೆಟ್ಟಿತ್ತು ಅಂತ ನಾನು ಹೇಳ್ತೀನಿ."

ಇಪ್ಪತ್ತೆರಡು ವರ್ಷದಲ್ಲಿ ಆ ಯಂತ್ರದ ಮೇಲೆ ಒಂದು ಮಾತು ಬರಲು ಬಿಡದ ಮನುಷ್ಯ. ಹೇಳುವಾಗ ಅವರ ಮುಖ ಹರಳೆಣ್ಣೆ ಕುಡಿದವರಂತಾಗಿತ್ತು.

"ಯಂತ್ರ ಸರಿಯಾಗೇ ಇತ್ತು ಮೇಡಂ," ಅಂದೆ ಗಟ್ಟಿಯಾಗಿ. "ತಪ್ಪು ತೂಕ ಹೇಳಿದ್ದು ನಾನು. ನಾಯಿದಲ್ಲ, ನಂದು."

ಅವತ್ತು ಇಬ್ಬರೂ ಒಟ್ಟಿಗೆ ಹತ್ತಿದ್ದು, ನಾಲ್ವರ ಮುಂದೆ ಹಳೆಯ ಸಂಖ್ಯೆ ಹೇಳಿದ್ದು, ಅದನ್ನೇ ಕಳೆದದ್ದು, ಎಲ್ಲವನ್ನೂ ಹೇಳಿದೆ. ಕಾಯುತ್ತಿದ್ದ ಬೆಕ್ಕಿನ ಮನೆಯವರೂ, ಗಿಳಿಯ ಮನೆಯವರೂ ಕೇಳಿದರು. ಕೇಳಲಿ. ನಾನೂ ಎಷ್ಟು ಜನರದ್ದು ಕೇಳಿಲ್ಲ?

"ನಿಮಗೆ ಗೊತ್ತಿತ್ತಾ?" ಎಂದು ಮೇಡಂ ನನ್ನ ಯಜಮಾನರನ್ನು ಕೇಳಿದರು.

"ಪಾರ್ಸಲ್ ನೋಡಿದ ಕೂಡಲೇ ತೂಕ ಹೇಳೋನು ನಾನು. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಸಂಜೆ ಅದೇ ಮನೆಗೆ ಹೋಗಬೇಕಿತ್ತಲ್ಲ."

ನಾನು ಚಾಪೆಯ ಮೇಲೆ ಹೋಗಿ ನಿಂತೆ. ಎಪ್ಪತ್ತೆರಡು. ಡಾಕ್ಟರು ಕಾಗದದ ಅಂಚಿನಲ್ಲಿ ಅದನ್ನು ನೂರಾ ಹದಿನೆಂಟರಲ್ಲಿ ಕಳೆದರು. "ಹಾಗಾದರೆ ಅವತ್ತು ನಾಯಿ ಇದ್ದದ್ದು ನಲವತ್ತಾರು. ಈಗ ನಲವತ್ತೊಂಬತ್ತು. ಇಳಿದಿಲ್ಲ ಮೇಡಂ, ಮೂರು ಕಿಲೋ ಏರಿದ್ದಾನೆ. ಊಟ ಒಳ್ಳೇದೇ, ಅಳತೆ ಜಾಸ್ತಿಯಾಗಿದೆ."

"ಊಟ ಒಳ್ಳೇದೇ ಅಂದ್ರು, ಕೇಳಿಸ್ತಾ?" ಅಂದೆ ಯಜಮಾನರಿಗೆ.

"ಅಳತೆದೂ ಕೇಳಿಸ್ತು," ಅಂದರು ಅವರು.

ಮೇಡಂ ಹಗ್ಗ ಬ್ಯಾಗಿಗೆ ಹಾಕಿದರು. "ನಿಮ್ಮ ಹತ್ತಿರವೇ ಇರಲಿ. ಆದರೆ ಐವತ್ತೇಳು ಯಾಕೆ ತಿದ್ದಿದ್ದು ಅಂತ ಫೈಲಲ್ಲಿ ಕಾರಣ ಬರೀಬೇಕಾಗುತ್ತೆ. ನಿಮ್ಮ ತೂಕದ ಸಮೇತ."

ಡಾಕ್ಟರು ದಯಾವಂತರು. ದನಿ ತಗ್ಗಿಸಿ ಹೇಳಿದರು: "ಅಮ್ಮ, ಇದು ಫೈಲಿನಲ್ಲಿ ಉಳಿಯೋ ಕಾಗದ. ಚಪ್ಪಲಿ ಬಿಟ್ಟು ಇನ್ನೊಂದು ಸಲ ನಿಂತುಕೊಳ್ಳಿ, ಮುಕ್ಕಾಲು ಕಿಲೋ ಇಳಿಯುತ್ತೆ. ಅದನ್ನೇ ಬರೀತೀನಿ."

"ಬೇಡ ಡಾಕ್ಟರೇ," ಅಂದೆ. "ನಾನು ಇಳಿಸಿದ್ದೆಲ್ಲ ಹೋಗಿ ಅವನ ಮೈಮೇಲೆ ಕೂರುತ್ತೆ. ಎಪ್ಪತ್ತೆರಡು ಅಂತಲೇ ಬರೀರಿ."