ಹತ್ತನೆಯ ಮುಖ

ಹೊನ್ನಪ್ಪನವರು ಭಾನುವಾರ ಸತ್ತಿದ್ದರೆ ಚಲುವರಾಜು ಮೇಷ್ಟ್ರು ಒಂದು ಹಾರ ಹಾಕಿ, ಕಣ್ಣೊರೆಸಿಕೊಂಡು ಮನೆಗೆ ಹೋಗಿಬಿಡುತ್ತಿದ್ದರು. ಆದರೆ ಹೊನ್ನಪ್ಪನವರು ಕಣ್ಣು ಮುಚ್ಚಿದ್ದು ಗುರುವಾರ ಬೆಳಗಿನ ಜಾವ. ದಿಣ್ಣೆಕೊಪ್ಪಲಿನ ಸರ್ಕಾರಿ ಶಾಲೆ ಉಳಿಯಬೇಕೋ ಮುಚ್ಚಬೇಕೋ ಎಂದು ಮೊಬೈಲು ತೀರ್ಮಾನ ಮಾಡಲು ಇದ್ದ ಕೊನೆಯ ಗಡುವು ಅದೇ ಗುರುವಾರ ಸಂಜೆ ನಾಲ್ಕು ಗಂಟೆ.

ಮೊಬೈಲಿನಲ್ಲೇ ಪಾಠ ಕಲಿಸುವ ‘ಅಂಗೈ ಅಕ್ಷರ’ ಎಂಬ ಆಪು ಬಂದು ಎರಡು ತಿಂಗಳಾಗಿತ್ತು. ಅದರಲ್ಲಿ ಆನೆಯೊಂದು ಕುಣಿಯುತ್ತಾ ಮಗ್ಗಿ ಹೇಳುತ್ತಿತ್ತು. ಮೇಷ್ಟ್ರು ಬೆತ್ತ ಹಿಡಿದು ಹೇಳಿದಾಗ ತಲೆಗೆ ಹತ್ತದ ಏಳರ ಮಗ್ಗಿ ಆನೆ ಹೇಳಿದ ಮೇಲೆ ಹತ್ತಿತ್ತು. ಅಲ್ಲಿಯವರೆಗೂ ಸರಿ. ಆಮೇಲೆ ಸುತ್ತೋಲೆ ಬಂತು. ಹತ್ತು ಮಕ್ಕಳು ಮೊಬೈಲು ನೋಡಿ ಕಲಿಯುತ್ತಿರುವ ಒಂದು ಫೋಟೋ ಕಳಿಸಬೇಕು, ಮುಖಗಳನ್ನು ಆಪೇ ಎಣಿಸುತ್ತದೆ, ಒಂದು ಮುಖ ಕಡಿಮೆಯಾದರೂ ಶಾಲೆಯನ್ನು ನಾಲೆಯಾಚೆಯ ದೊಡ್ಡ ಶಾಲೆಗೆ ಸೇರಿಸಲಾಗುವುದು.

ಹಾಜರಿ ಪುಸ್ತಕದಲ್ಲಿ ಇದ್ದದ್ದೇ ಹತ್ತು ಹೆಸರು, ಅದರಲ್ಲಿ ಆರು ಹೆಣ್ಣುಮಕ್ಕಳು. ನಾಲೆಯಾಚೆ ಹೋಗಬೇಕೆಂದರೆ ಕಬ್ಬಿನ ಟ್ರಾಕ್ಟರುಗಳ ನಡುವೆ, ತಡೆಗೋಡೆಯಿಲ್ಲದ ಏರಿಯ ಮೇಲೆ ಎರಡು ಮೈಲಿ ನಡೆಯಬೇಕು. “ಇಸ್ಕೂಲು ಮುಚ್ಚುದ್ರೆ ನಮ್ ಮಕ್ಳು ಮನೇಲೆ ಇರ್ತವೆ ಬುಡಿ, ಆ ಏರಿ ಮೇಲಂತೂ ಕಳ್ಸಕಿಲ್ಲ” ಎಂದು ತಾಯಂದಿರು ಹೇಳಿಯಾಗಿತ್ತು. ಅವರು ಹೇಳಿದಂತೆ ಮಾಡುವವರೇ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು.

ಹದಿನೈದು ದಿನ ಸಮಯವಿದ್ದರೂ ಅವರು ಕೊನೆಯ ದಿನದವರೆಗೆ ಕಾದಿದ್ದರು. ಸರ್ಕಾರಿ ಕೆಲಸ ಮೊದಲೇ ಮುಗಿಸಿದರೆ ಎರಡನೆಯ ಸಲ ಮಾಡಿಸುತ್ತಾರೆ ಎಂಬುದು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಕಲಿತ ಪಾಠ.

ಒಂಬತ್ತೂವರೆಗೆ ಬಂದವರೇ ಗಂಟೆ ಬಾರಿಸಿದರು. ಮಕ್ಕಳು ಬರಲಿಲ್ಲ. ಪಕ್ಕದ ಮನೆಯ ದ್ಯಾವಮ್ಮ ಬಂದಳು.

“ಅಲ್ಲ ಮೇಷ್ಟ್ರೆ, ಊರಲ್ಲಿ ಹೆಣ ಕೂರ್ಸವ್ರೆ, ನೀವು ಗಂಟೆ ಹೊಡೀತಾ ನಿಂತಿದ್ದೀರಲ್ಲ.”

“ಯಾರು ದ್ಯಾವಮ್ಮ?”

“ದಿಣ್ಣೆ ಮನೆ ಹೊನ್ನಪ್ಪೋರು. ಹೆಣ ಎತ್ತಗಂಟ ನಾವ್ ಒಲೇನೇ ಹತ್ಸಕಿಲ್ಲ, ನೀವು ಮಗ್ಗಿ ಹೇಳಿಸ್ತೀರಾ?”

ಮೇಷ್ಟ್ರು ಗಂಟೆ ಬಾರಿಸುವುದನ್ನು ನಿಲ್ಲಿಸಿದರು. ದುಃಖ ನಿಜವಾದದ್ದೇ. ಶಾಲೆ ತಗ್ಗಿನಲ್ಲಿತ್ತು, ಅಲ್ಲಿ ಮೊಬೈಲಿಗೆ ಉಸಿರೇ ಇರಲಿಲ್ಲ. ಊರಲ್ಲಿ ಸಿಗ್ನಲ್ಲು ಸಿಗುತ್ತಿದ್ದದ್ದು ದಿಣ್ಣೆಯ ಮೇಲಿನ ಹೊನ್ನಪ್ಪನವರ ಅಂಗಳದಲ್ಲಿ ಮಾತ್ರ. ದಿನಾ ಬಿಸಿಯೂಟದ ಲೆಕ್ಕ ಕಳಿಸಲು ಮೇಷ್ಟ್ರು ಅಲ್ಲಿಗೇ ಹೋಗುತ್ತಿದ್ದರು. ಹೊನ್ನಪ್ಪನವರು ಕುರ್ಚಿ ಹಾಕಿಸಿ, ಕಾಫಿ ಕೊಡಿಸಿ, “ಬಂತಾ ಮೇಷ್ಟ್ರೆ ಸಿಗ್ನಲ್ಲು?” ಎಂದು ಕೇಳುತ್ತಿದ್ದರು. ಮಳೆ ಬಂತಾ ಎಂದು ಕೇಳಿದಷ್ಟೇ ಕಾಳಜಿಯಿಂದ ಕೇಳುತ್ತಿದ್ದರು.

ಈಗ ಅದೇ ಅಂಗಳದಲ್ಲಿ ಶಾಮಿಯಾನ ಹಾಕಿ, ಅವರನ್ನೇ ಕುರ್ಚಿಯಲ್ಲಿ ಕೂರಿಸಿದ್ದರು. ತಲೆಗೆ ಪೇಟ, ಹಣೆಗೆ ಒಂದು ರೂಪಾಯಿ ನಾಣ್ಯ, ಗದ್ದಕ್ಕೆ ಬಿಳಿ ಬಟ್ಟೆಯ ಕಟ್ಟು. ತಮಟೆಯವರ ಮುಂದೆ ಶಾಲೆಗೆ ಶಾಲೆಯೇ ಸಾಲಾಗಿ ಕೂತಿತ್ತು. ಮೇಷ್ಟ್ರು ಹಾರ ಹಾಕಿ ಕೈಮುಗಿದರು. ಕೈಮುಗಿಯುತ್ತಲೇ ಮಕ್ಕಳನ್ನು ಎಣಿಸಿದರು. ಒಂಬತ್ತು.

“ತನುಶ್ರೀ ಎಲ್ಲಿ?”

“ಪಾಂಡವಪುರಕ್ಕೆ ಹೋಗವ್ಳೆ ಸಾ. ಆಧಾರ್ ಸರಿ ಮಾಡ್ಸಕ್ಕೆ. ನೀವೇ ಅವ್ರವ್ವಂಗೆ ಬೈದಿದ್ರಲ್ಲ, ಈ ವಾರ ಮಾಡಿಸ್ದಿದ್ರೆ ಇಸ್ಕೂಲಿಗೇ ಸೇರಿಸ್ಕೊಳಕಿಲ್ಲ ಅಂತ.”

ಬೈದದ್ದು ನಿಜ. ಅವಳು ವಾಪಸು ಬರಲು ಇನ್ನು ಮೂರು ಗಂಟೆಯ ಬಸ್ಸೇ ಗತಿ. ಹೆಣ ಎತ್ತುವುದೂ ಮೂರರ ಮೇಲೇ, ನಾಗಮಂಗಲದಿಂದ ಮಗಳು ಬರಬೇಕಿತ್ತು. ಅಲ್ಲಿಯತನಕ ಪಾಠಕ್ಕೆ ತಯಾರಿ ಮಾಡಿಕೊಳ್ಳೋಣವೆಂದರೆ ಇನ್ನೊಂದು ಫೋನು ಬೇಕಿತ್ತು, ಒಂದರಲ್ಲಿ ಪಾಠ ನಡೆಯಬೇಕು, ಇನ್ನೊಂದರಲ್ಲಿ ಫೋಟೋ ತೆಗೆಯಬೇಕು. ಹೊನ್ನಪ್ಪನವರ ತಮ್ಮನ ಮಗ ಪುಟ್ಟರಾಜುವನ್ನು ಪಕ್ಕಕ್ಕೆ ಕರೆದು ಅಳುಕುತ್ತಲೇ ವಿಷಯ ಹೇಳಿದರು.

“ತಗಳಿ ಮೇಷ್ಟ್ರೆ, ಅದಕ್ಕೇನಂತೆ” ಎಂದು ಪುಟ್ಟರಾಜು ಫೋನು ಕೊಟ್ಟ. “ಆದ್ರೆ ಬೀಗ್ರಿಗೆಲ್ಲ ಸುದ್ದಿ ಕೊಟ್ಟಿರೋದು ಇದೇ ನಂಬರಿಂದ. ಯಾರಾದ್ರೂ ಮಾಡುದ್ರೆ ವಸಿ ಹೇಳ್ಬುಡಿ.”

ಮೂರು ಗಂಟೆಯಾಯಿತು. ಬಸ್ಸು ಬರಲಿಲ್ಲ. ಮೂರೂ ಇಪ್ಪತ್ತಕ್ಕೆ ನಾಗಮಂಗಲದ ಮಗಳು ಬಂದು ಅಪ್ಪನ ಕಾಲ ಮೇಲೆ ಬಿದ್ದು ಅತ್ತಳು. ಅಂಗಳವೆಲ್ಲ ಅತ್ತಿತು. ಮೇಷ್ಟ್ರೂ ಅತ್ತರು, ಅಳುತ್ತಲೇ ಗಡಿಯಾರ ನೋಡಿದರು. ಮೂರೂವರೆಗೆ ಮಕ್ಕಳನ್ನು ಅಂಗಳದ ಒಂದು ಮೂಲೆಗೆ ಕರೆದರೆ ಎಂಟೇ ಬಂದವು. ಒಂಬತ್ತನೆಯವಳು, ಹೊನ್ನಪ್ಪನವರ ಮೊಮ್ಮಗಳು ಸಹನ, ತಾತನ ಕುರ್ಚಿಯ ಕಾಲು ತಬ್ಬಿ ಕೂತಿದ್ದಳು.

“ತಾತನ್ ಬುಟ್ಟು ಬರಾಕಿಲ್ಲ ಸಾ.”

ಮಗುವನ್ನು ಎಳೆದುಕೊಂಡು ಹೋಗಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ. ಬೆಟ್ಟ ಬರದಿದ್ದರೆ ನಾವೇ ಹೋಗಬೇಕಷ್ಟೆ. ಎಂಟು ಮಕ್ಕಳನ್ನೂ ತಾತನ ಕುರ್ಚಿಯ ಪಕ್ಕದಲ್ಲೇ ತಂದು ಕೂರಿಸಿದರು. ತಮಟೆಯವರು ಬೀಡಿ ಸೇದಲು ಎದ್ದಿದ್ದರು. ಪುಟ್ಟರಾಜುವಿನ ಫೋನಿನಲ್ಲಿ ಆನೆ ಕುಣಿಯತೊಡಗಿತು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು.

ಏಳ್ಮೂರ್ಲಕ್ಕೆ ಫೋನು ಬಡಿದುಕೊಂಡಿತು. ಸಹನ ಕೆನ್ನೆ ಒರೆಸಿಕೊಂಡು ಎತ್ತಿದಳು. “ಊಂ, ಅತ್ತೆ ಬಂದವ್ಳೆ. ಇನ್ನೇನ್ ಎತ್ಬುಡ್ತರೆ, ಬೇಗ್ ಬನ್ನಿ” ಎಂದು ಹೇಳಿ ಇಟ್ಟಳು. ಆನೆ ಇಪ್ಪತ್ತೊಂದು ಎಂದಿತು.

ಅಷ್ಟರಲ್ಲಿ ಊರು ಸುತ್ತ ನೆರೆಯಿತು. ಕೆಲವರಿಗೆ ಮೇಷ್ಟ್ರು ಕೊನೆಯ ಫೋಟೋ ತೆಗೆಯುತ್ತಿದ್ದಾರೆ ಎಂದೇ ತಿಳಿದದ್ದು. “ಹಾರ ವಸಿ ಕೆಳಕ್ಕೆ ಎಳೀರ್ಲಾ, ಮೊಕ ಕಾಣಾಕಿಲ್ಲ” ಎಂದ ಒಬ್ಬ. ದ್ಯಾವಮ್ಮ ಒಳಗೆ ಹೋಗಿ ಕನ್ನಡಕ ತಂದು ಹೊನ್ನಪ್ಪನವರಿಗೆ ಹಾಕಿದಳು. “ಇದಿಲ್ದೆ ಅವ್ರು ಜಗಲಿಗೂ ಬತ್ತಿರ್ನಿಲ್ಲ” ಎಂದಳು.

ಮೂರೂ ಐವತ್ತು. ಹೊರುವವರು ಬಂದು ನಿಂತರು. ಬಸ್ಸಿನ ಸುಳಿವಿರಲಿಲ್ಲ. ಮೇಷ್ಟ್ರು ತಮ್ಮ ಫೋನಿನಲ್ಲಿ ಆಪು ತೆರೆದು ಮಕ್ಕಳತ್ತ ಹಿಡಿದರು. ಒಂದೊಂದು ಮುಖಕ್ಕೂ ಹಸಿರು ಚೌಕ ಬಿತ್ತು. ಒಂಬತ್ತು. ಒಂದೊಂದಕ್ಕೂ ಆಪಿನ ಪಟ್ಟಿಯಿಂದ ಹೆಸರು ಒತ್ತಿದರು. ಮುಗಿಯಿತು ಶಾಲೆಯ ಕತೆ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಚೌಕ ಎದ್ದು, ನೊಣದಂತೆ ಅಲ್ಲಿ ಇಲ್ಲಿ ಅಲೆದು, ಹೊನ್ನಪ್ಪನವರ ಕನ್ನಡಕದ ಮೇಲೆ ಕೂತಿತು. ‘ಹತ್ತು ಮಕ್ಕಳು ಹಾಜರು. ಅಭಿನಂದನೆಗಳು. ಕಳಿಸಬಹುದೇ?’ ಎಂದು ಆಪು ಕೇಳಿತು.

ಮೇಷ್ಟ್ರ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಬದುಕಿರುವವರ ಸುಳ್ಳು ಹಾಜರಿಯನ್ನು ನೌಕರಿಯಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ಹಾಕಿರುತ್ತಾರೆ. ಇದು ಬೇರೆ ಥರ. ಪಕ್ಕದಲ್ಲೇ ಕೂತಿದ್ದ ಹೊನ್ನಪ್ಪನವರ ಹೆಂಡತಿ ಬೈರಮ್ಮ ಅಳು ನಿಲ್ಲಿಸಿ ಕೇಳಿದರು.

“ಏನ್ ಕೇಳ್ತಾದೆ ಅದು?”

ಮೇಷ್ಟ್ರು ನಾಚಿಕೊಂಡು, ಮೆಲ್ಲಗೆ, ಇದ್ದದ್ದು ಇದ್ದಂತೆ ಹೇಳಿದರು.

ಬೈರಮ್ಮ ಗಂಡನ ಮುಖದ ಮೇಲಿನ ಕನ್ನಡಕವನ್ನು ನೇರ ಮಾಡಿದರು. “ಆ ಇಸ್ಕೂಲಿಗೆ ಜಾಗ ಕೊಟ್ಟೋರು ಇವ್ರೇ ಕಣ್ ಮೇಷ್ಟ್ರೆ. ಒಂದಿನವೂ ಒಳಗ್ ಕುಂತು ಓದ್ನಿಲ್ಲ, ಹೆಬ್ಬೆಟ್ಟು ಒತ್ಕಂಡೇ ಹೋದ್ರು. ಇವತ್ತಾರ ಹಾಜರಿ ಬೀಳ್ಲಿ. ಒತ್ತಿ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಒತ್ತಿದರು. ಸಿಗ್ನಲ್ಲು ಎಂದಿನಂತೆ ಚೆನ್ನಾಗಿತ್ತು. ತಮಟೆ ಎದ್ದಿತು, ಹೆಣವೂ ಎದ್ದಿತು.

ಮನೆ ಪಕ್ಕದ ತೋಟದಲ್ಲಿ ಮಣ್ಣು ಮಾಡಿ, ಕೈಕಾಲು ತೊಳೆದು, ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಲು ಎಲ್ಲರೂ ಮತ್ತೆ ದಿಣ್ಣೆ ಮನೆಗೆ ಬಂದಾಗ ಐದೂವರೆ. ಜಗಲಿಯ ಮೇಲೆ ತನುಶ್ರೀ ಕೂತಿದ್ದಳು.

“ಸಾ, ಬಸ್ಸು ಪಂಚರಾಗಿ ನಾಕು ಗಂಟೆಗೆ ಬಂತು. ನಂಗೆ ಆಧಾರ್ ಸರಿ ಆಯ್ತು. ಕಣ್ಣೂ ತಗಂಡ್ರು, ಬೆರಳೂ ತಗಂಡ್ರು.”

ಮೇಷ್ಟ್ರು ಅವಳ ತಲೆ ಸವರಿದರು. ಸಿಗ್ನಲ್ಲಿಗೆ ಬಂದ ಫೋನು ಬಡಿದುಕೊಂಡಿತು. ಪಾಂಡವಪುರದ ಕಚೇರಿಯಿಂದ ಶಾಲೆಗಳ ಉಸ್ತುವಾರಿ ನೋಡುವ ಶಂಕರ್.

“ಸರ್, ನಿಮ್ಮ ಶಾಲೆ ಉಳೀತು. ಹತ್ತಕ್ಕೆ ಹತ್ತು.”

ಮೇಷ್ಟ್ರು ಕಂಬಕ್ಕೆ ಒರಗಿ ಉಸಿರು ಬಿಟ್ಟರು.

“ಇನ್ನೊಂದು ವಿಷಯ ಸರ್. ಇವತ್ತು ದಾಖಲಾದ ಮುಖನೇ ಖಾಯಂ. ನಾಳೆಯಿಂದ ದಿನಾ ಬೆಳಿಗ್ಗೆ ಅದೇ ಹತ್ತು ಮುಖ ತೋರಿಸ್ಬೇಕು. ಒಂದು ಮುಖ ಮೂರು ದಿನ ಕಾಣ್ಲಿಲ್ಲ ಅಂದ್ರೆ ಶಾಲೆ ತಾನಾಗೇ ದೊಡ್ಡ ಶಾಲೆಗೆ ಸೇರ್ಕೊಂಡ್ಬಿಡ್ತದೆ. ನಮ್ಮ ಕೈಲಿ ಏನಿಲ್ಲ.”

ಮೇಷ್ಟ್ರು ಆಪು ತೆರೆದು ನೋಡಿದರು. ಅವರೇ ಒತ್ತಿದ್ದ ಒಂಬತ್ತು ಹೆಸರು ಒಂಬತ್ತು ಮುಖಗಳ ಕೆಳಗೆ ಸರಿಯಾಗಿದ್ದವು. ಉಳಿದ ಒಂದು ಹೆಸರನ್ನು ಉಳಿದ ಒಂದು ಮುಖಕ್ಕೆ ಆಪೇ ಅಂಟಿಸಿಕೊಂಡಿತ್ತು. ಪೇಟ, ನಾಣ್ಯ, ಕನ್ನಡಕ. ಕೆಳಗೆ ‘ತನುಶ್ರೀ, ಮೂರನೇ ತರಗತಿ’. ಅವರು ಫೋನನ್ನು ಜಗಲಿಯ ಮೇಲಿದ್ದ ಮಗುವಿನತ್ತ ತಿರುಗಿಸಿದರು. ‘ಈ ಮಗು ತನುಶ್ರೀ ಅಲ್ಲ’ ಎಂದಿತು ಆಪು.

“ಶಂಕರ್, ಒಂದು ಮುಖ ತಪ್ಪಾಗಿ ಬಿದ್ದದೆ. ಬದಲಾಯ್ಸೋದು ಹೆಂಗೆ?”

“ಸುಲಭ ಸರ್. ಸೋಮವಾರದೊಳಗೆ ಆಫೀಸಿಗೆ ಬನ್ನಿ. ಹೊಸ ಮುಖ, ಹಳೇ ಮುಖ ಎರಡನ್ನೂ ಕ್ಯಾಮೆರಾ ಮುಂದೆ ಅಕ್ಕಪಕ್ಕ ಕೂರಿಸ್ಬೇಕು. ಹಳೇ ಮುಖ ಎರಡು ಸಲ ಕಣ್ಣು ಮಿಟುಕಿಸಿದ್ರೆ ಆಯ್ತು, ಬಿಟ್ಟುಕೊಡ್ತದೆ.”

ಮೇಷ್ಟ್ರು ಫೋನು ಇಳಿಸಿ ತೋಟದ ಕಡೆ ನೋಡಿದರು. ಹಸಿ ಮಣ್ಣಿನ ಗುಡ್ಡೆಯ ಮೇಲೆ ಅವರು ಹಾಕಿದ್ದ ಹಾರವೂ ಇತ್ತು. ದೀಪಕ್ಕೆ ಎಣ್ಣೆ ಹಾಕಲು ಬೈರಮ್ಮ ಹೊರಗೆ ಬಂದರು.

“ಏನಂತೆ ಮೇಷ್ಟ್ರೆ, ನಮ್ಮೋರ ಹಾಜರಿ ಬಿತ್ತಾ?”

“ಬಿತ್ತು ಕಣವ್ವ” ಎಂದರು ಮೇಷ್ಟ್ರು. “ನಾಳೆನೂ ಬರ್ಬೇಕಂತೆ.”