ಹೊಸ ವಿಮಾನಕ್ಕೆ ಹಳೆಯ ಹೊಗೆ

ಕೆಲವರಿಗೆ ಹಾಡು ಬರುತ್ತದೆ, ಕೆಲವರಿಗೆ ಈಜು ಬರುತ್ತದೆ, ನನಗೆ ಸಂಶಯ ಬರುತ್ತದೆ. ಇದನ್ನು ನಾನು ಯಾರ ಹತ್ತಿರವೂ ಕಲಿತದ್ದಲ್ಲ, ಹುಟ್ಟುತ್ತಲೇ ಬಂದದ್ದು. ಸಂತೆಯಲ್ಲಿ ಬದನೆಕಾಯಿಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಹುಳದ ತೂತು ಕಾಣದಿದ್ದರೆ ಇನ್ನೊಮ್ಮೆ ತಿರುಗಿಸುತ್ತೇನೆ. ಬಸ್ಸಿನಲ್ಲಿ ಯಾರಾದರೂ ತಾವಾಗಿಯೇ ಎದ್ದು ಜಾಗ ಕೊಟ್ಟರೆ, ಕೂಡುವ ಮೊದಲು ಸೀಟನ್ನು ಮುಟ್ಟಿ ನೋಡುತ್ತೇನೆ, ಹಸಿಯಿರಬಹುದು. ಶಲವಡಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಹುಡುಗರು ಗದ್ದಲ ಮಾಡುತ್ತಿದ್ದರೆ ನನಗೆ ನೆಮ್ಮದಿ, ಸುಮ್ಮನೆ ಕುಳಿತರೆ ಬೆಂಚಿನ ಕೆಳಗೆ ಬಗ್ಗಿ ನೋಡುತ್ತೇನೆ. ನಾನು ದೇವರ ಪ್ರಸಾದವನ್ನೂ ಮೂಸಿ ನೋಡುವ ಪೈಕಿ ಎಂದು ನನ್ನ ಹೆಂಡತಿ ಸುಮಿತ್ರಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಒಮ್ಮೆ ಆ ಪ್ರಸಾದ ನಿಜವಾಗಿಯೂ ಹಳಸಿತ್ತು. ಅದನ್ನು ಮಾತ್ರ ಹೇಳುವುದಿಲ್ಲ.

ಇಂಥ ನಾನು ಹೋಗಿ ಹೋಗಿ ಹಿಡಿದ ಹವ್ಯಾಸ ಯಾವುದೆಂದರೆ, ಊರಿಗೆ ಊರೇ ನನ್ನ ಮೇಲೆ ಸಂಶಯಪಡುವಂಥದ್ದು. ಯುದ್ಧವಿಮಾನದ ಸಣ್ಣ ಮಾದರಿಗಳನ್ನು ಮಾಡುವುದು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ಕಿನ ರೆಕ್ಕೆ, ಬಾಲ, ಚಕ್ರಗಳನ್ನು ಅಂಟಿಸಿ ಗೇಣುದ್ದದ ಜೆಟ್ಟು ನಿಲ್ಲಿಸುತ್ತೇನೆ. ಇಷ್ಟೇ ಆಗಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ, ಮಾಸ್ತರಿಗೆ ಆಟಿಕೆ ಸಾಮಾನಿನ ಹುಚ್ಚು ಎಂದು ಬಿಟ್ಟುಬಿಡುತ್ತಿದ್ದರು. ತೊಂದರೆ ಶುರುವಾಗುವುದು ಬಣ್ಣ ಬಳಿದ ಮೇಲೆ. ನಿಜವಾದ ಯುದ್ಧವಿಮಾನ ಮದುವೆಯ ಕಾರಿನಂತೆ ಫಳಫಳ ಹೊಳೆಯುವುದಿಲ್ಲ. ಬಿಸಿಲಿಗೆ ಬಣ್ಣ ಬಿಳಿಚಿರುತ್ತದೆ, ಹತ್ತಿ ಇಳಿಯುವ ಕಡೆ ಬೂಟು ತಾಗಿ ಉದುರಿರುತ್ತದೆ, ಹಿಂದೆ ಹೊಗೆಯ ಮಸಿ ಹಿಡಿದಿರುತ್ತದೆ. ಹಾಗಾಗಿ ಹೊಸ ಮಾದರಿಯನ್ನು ಹಳೆಯದಾಗಿ ಕಾಣುವಂತೆ ಕೆಡಿಸಬೇಕು. ಇದಕ್ಕೆ ನಾನು ಮಾಸಿಸುವುದು ಎನ್ನುತ್ತೇನೆ. ಮೊದಲು ಬೆಳ್ಳಿ ಬಣ್ಣ ಬಳಿದು, ಅದರ ಮೇಲೆ ಅಲ್ಲಲ್ಲಿ ಉಪ್ಪಿನ ಹರಳು ಕೂಡಿಸಿ, ಮೇಲೆ ಇನ್ನೊಂದು ಬಣ್ಣ ಹೊಡೆಯಬೇಕು. ಒಣಗಿದ ಮೇಲೆ ಉಪ್ಪನ್ನು ತಿಕ್ಕಿ ತೆಗೆದರೆ ಬಣ್ಣ ಎದ್ದುಹೋಗಿ ಒಳಗಿನ ಲೋಹ ಕಂಡಂತೆ ಕಾಣುತ್ತದೆ. ಸಂದುಗಳಿಗೆ ತೆಳುವಾದ ಕಪ್ಪು ಬಿಟ್ಟು ಒರೆಸಬೇಕು. ಚಕ್ರಕ್ಕೆ ನಮ್ಮ ಹೊಲದ ಎರೆಮಣ್ಣನ್ನೇ ಅರಿವೆಯಲ್ಲಿ ಸೋಸಿ ಹಚ್ಚುತ್ತೇನೆ. ಆ ವಿಮಾನ ನವಲಗುಂದದ ಆಕಾಶವನ್ನೂ ಕಂಡದ್ದಲ್ಲ, ಆದರೆ ಚಕ್ರಕ್ಕೆ ಮಾತ್ರ ಇಲ್ಲಿನ ಮಣ್ಣು.

ನನ್ನ ಮೊದಲನೆಯ ವಿಮಾನವನ್ನು ಹೀಗೆ ತಿಂಗಳುಗಟ್ಟಲೆ ಮಾಸಿಸಿ ಕಿಟಕಿಯಲ್ಲಿಟ್ಟು ಶಾಲೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅದು ಆಗ ತಾನೇ ಹುಟ್ಟಿದಂತೆ ಹೊಳೆಯುತ್ತಿತ್ತು. ಅಗದಿ ಹೊಲಸಾಗಿತ್ತಂತೆ, ಪಾತ್ರೆ ತಿಕ್ಕುವಾಗ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದಳಂತೆ ಸುಮಿತ್ರಾ. ನನಗೆ ಅಳು ಬಂತು. ಸುಳ್ಳಲ್ಲ, ನಿಜವಾಗಿ ಬಂತು. ಅಂದಿನಿಂದ ಮಾಳಿಗೆಯ ಖೋಲಿಗೆ ಕೀಲಿ ಹಾಕತೊಡಗಿದೆ. ಕೀಲಿ ಹಾಕಿದ ಖೋಲಿಯಲ್ಲಿ ಏನಿದೆ ಎಂದು ಯೋಚಿಸುವುದಕ್ಕೆ ನಮ್ಮೂರಿನಲ್ಲಿ ಯಾರಿಗೂ ಪುರಸೊತ್ತಿನ ಕೊರತೆಯಿಲ್ಲ. ಥಿನ್ನರಿನ ವಾಸನೆ ಓಣಿಗೆ ಬರುತ್ತಿತ್ತು, ನಾನು ಕೈತುಂಬ ಮಸಿ ಮಾಡಿಕೊಂಡು ಕೆಳಗಿಳಿಯುತ್ತಿದ್ದೆ, ನಮ್ಮ ಮನೆಯಲ್ಲಿ ಉಪ್ಪು ಬೇಗ ಮುಗಿಯುತ್ತಿತ್ತು. ಏನು ಮಾಡುತ್ತೀರೆಂದು ಕೇಳಿದವರಿಗೆ ಹೊಸದನ್ನು ಹಳೆಯದು ಮಾಡುತ್ತೇನೆ ಎಂದು ಪ್ರಾಮಾಣಿಕವಾಗಿಯೇ ಹೇಳಿದೆ. ಅದರಿಂದ ಸಂಶಯ ಇನ್ನಷ್ಟು ಬಲಿಯಿತು. ಹಳೆಯದನ್ನು ಹೊಸದು ಮಾಡುವವನಿಗೆ ಒಂದು ಲಾಭವಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೊಸದನ್ನು ಹಳೆಯದು ಮಾಡುವವನು ಯಾರ ಕಣ್ಣಿಗೆ ಮಣ್ಣೆರಚಲು ಹೊರಟಿದ್ದಾನೆ ಎಂದು ಅವರು ತಲೆ ಕೆಡಿಸಿಕೊಂಡರು.

ಹೀಗಿರುವಾಗ, ಸಂಕ್ರಾಂತಿ ಕಳೆದ ಮೇಲೆ, ಬಸ್ ಸ್ಟ್ಯಾಂಡಿನ ಚಾದ ಅಂಗಡಿಯವನು ನನ್ನನ್ನು ಬಾಜುಕ್ಕೆ ಕರೆದು ಒಂದು ಸುದ್ದಿ ಕೊಟ್ಟ. ಯಾರೋ ಪರ ಊರಿನ ಹಿರಿಯರು ಬಂದು ನನ್ನ ಬಗ್ಗೆ ವಿಚಾರಿಸಿಕೊಂಡು ಹೋದರಂತೆ. ಕಣ್ಣಿಗೆ ದಪ್ಪ ಗಾಜಿನ ಚಾಳೀಸು, ಕೈಯಲ್ಲಿ ಛತ್ರಿ, ಚಾ ಕುಡಿಯುವ ಮೊದಲು ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದರಂತೆ. ನೀನೇನು ಹೇಳಿದೆ ಎಂದು ಅವನನ್ನು ಕೇಳಿದೆ. ಮಾಸ್ತರು ಬಂಗಾರದಂಥ ಮನುಷ್ಯ, ಆದರೆ ಮಾಳಿಗೆಯ ಮೇಲೆ ಏನು ಮಾಡುತ್ತಾರೋ ದೇವರಿಗೇ ಗೊತ್ತು ಎಂದನಂತೆ. ನನಗೆ ಎರಡು ದಿನ ಊಟ ರುಚಿಸಲಿಲ್ಲ. ಮೊದಲೇ ಯುದ್ಧವಿಮಾನ, ಸರಕಾರದವರು ಏನಾದರೂ ತಪ್ಪು ತಿಳಿದರೆ? ರೆಕ್ಕೆಯ ಕೆಳಗಿನ ಬಾಂಬುಗಳನ್ನು ಬಿಚ್ಚಿ ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟೆ. ಮಾರನೆಯ ದಿನ ಅನ್ನದಲ್ಲಿ ಒಂದು ಸಿಕ್ಕಿತು. ಸುಮಿತ್ರಾ ಅದನ್ನು ತಟ್ಟೆಯ ಅಂಚಿಗಿಟ್ಟು ನನ್ನನ್ನೇ ನೋಡಿದಳು.

ಸರಕಾರವೂ ಅಲ್ಲ, ಏನೂ ಅಲ್ಲ. ಅದು ಮನೆತನದ ವಿಚಾರಣೆಯಾಗಿತ್ತು. ವಾರ ಕಳೆಯುವುದರೊಳಗೆ ದೇವಿಕೊಪ್ಪದಲ್ಲಿರುವ ಸುಮಿತ್ರಾಳ ಅಣ್ಣ ಫೋನು ಮಾಡಿ, ನಮ್ಮ ಮಗಳು ವೀಣಾಳಿಗೆ ಮಿಶ್ರಿಕೋಟಿಯ ಒಂದು ಸಂಬಂಧ ತಂದ. ಹುಡುಗ ಸಂತೋಷ, ಕಲಘಟಗಿಯಲ್ಲಿ ಕಾಲೇಜು ಉಪನ್ಯಾಸಕ. ವೀಣಾ ಅಣ್ಣಿಗೇರಿಯಲ್ಲಿ ಟೀಚರು. ಬಂದ ಸಂಬಂಧಗಳನ್ನೆಲ್ಲ ಮೂಗಿನ ಮೇಲಿನ ನೊಣ ಓಡಿಸಿದಂತೆ ಓಡಿಸಿದವಳು, ಈ ಸಲ ಹುಡುಗನ ಫೋಟೋವನ್ನು ಅರೆಗಣ್ಣಿನಲ್ಲಿ ನೋಡಿ, ‘ನೋಡೂಣು ಬಿಡ್ರಿ’ ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಸಂಶಯಪಡುವುದನ್ನೇ ಮರೆತೆ. ಸುಮಿತ್ರಾ ಮಾತ್ರ ನನ್ನನ್ನು ಕೂಡಿಸಿಕೊಂಡು ಎಚ್ಚರಿಕೆ ಕೊಟ್ಟಳು. ‘ಇದೊಂದು ಕೂಡಿ ಬರಬೇಕ್ರಿ. ಹುಡುಗಿ ಮನಸ್ಸು ಮಾಡ್ಯಾಳ. ನಿಮ್ಮ ಸಂಶೆದಿಂದ ಇದು ಮುರದ್ರ ನಾ ನಿಮ್ಮ ಜೋಡಿ ಮಾತಾಡಂಗಿಲ್ಲ ನೋಡ್ರಿ.’ ಅವಳ ಕಣ್ಣಿನಲ್ಲಿ ನೀರಿತ್ತು. ನಾನು ಬಾಯಿ ಮುಚ್ಚಿಕೊಂಡಿರುವುದಾಗಿ ಮಾತು ಕೊಟ್ಟೆ.

ಬಾಯಿ ಮುಚ್ಚಿಕೊಂಡೆ, ಕೈ ಸುಮ್ಮನಿರಬೇಕಲ್ಲ. ನಮ್ಮ ಪಡಸಾಲೆಯ ಗೋಡೆಯಲ್ಲಿ ಮೂಲೆಯಿಂದ ಕಿಟಕಿಯವರೆಗೆ ಒಂದು ಬಿರುಕು. ನಮ್ಮ ಕಡೆ ಕಪ್ಪು ಎರೆನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಮನೆಯೂ ಅದರ ಜೊತೆ ಉಸಿರಾಡುತ್ತದೆ. ಬರುವ ಬೀಗರು ಕೆಲಸದಿಂದ ನಿವೃತ್ತರಾದ ಇಂಜಿನಿಯರು ಎಂದು ಕೇಳಿದ್ದೇ ನನಗೆ ಆ ಬಿರುಕು ಹೊಟ್ಟೆಯಲ್ಲೇ ಬಿಟ್ಟಂತಾಯಿತು. ವಿಮಾನದ ಸಂದು ತುಂಬುವ ಪುಟ್ಟಿಯ ಡಬ್ಬಿ ತೆಗೆದೆ. ಬಿರುಕಿಗೆ ತುಂಬಿ, ಮರಳುಕಾಗದದಿಂದ ತಿಕ್ಕಿ, ಬಣ್ಣ ಬಳಿದೆ. ಹೊಸ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಅದಕ್ಕೆ ಸ್ಪಂಜಿನಿಂದ ಧೂಳು ಬಣ್ಣ ಒತ್ತಿ, ತುಸು ಮಸಿ ಹಾಯಿಸಿ, ಸುತ್ತಲಿನ ಹಳೆಯ ಗೋಡೆಗೆ ಸರಿಯಾಗಿ ಹೊಂದುವಂತೆ ಮಾಸಿಸಿದೆ. ನಾನೇ ಹುಡುಕಿದರೂ ಸಿಗದ ಹಾಗೆ ಮಾಯವಾಯಿತು. ನನ್ನ ಜೀವಮಾನದ ಅತ್ಯುತ್ತಮ ಕೆಲಸ ಅದು, ಯಾರಿಗೂ ತೋರಿಸುವಂತಿರಲಿಲ್ಲ.

ಹೋಳಿಹುಣ್ಣಿಮೆ ಮುಗಿದ ಮೇಲಿನ ರವಿವಾರ ಬೀಗರು ಬಂದರು. ಅಂದು ಮುಂಜಾನೆ ಸುಮಿತ್ರಾ, ನನ್ನ ವಿಮಾನದ ಹೆಸರೆತ್ತಿದರೆ ಮುಖ ತಿರುವುವ ಸುಮಿತ್ರಾ, ತಾನಾಗಿಯೇ ‘ಆ ಇಮಾನ ತಂದು ಪಡಸಾಲ್ಯಾಗ ಇಡ್ರಿ, ಚಂದ ಕಾಣತೈತಿ’ ಎಂದಿದ್ದಳು. ಸಂಶಯಪಡಬೇಕಾದ ಜಾಗ ಅದು. ನಾನು ಉಬ್ಬಿಹೋದೆ. ಹುಡುಗ ಲಕ್ಷಣವಾಗಿದ್ದ, ತಾಯಿ ಇಲ್ಲದವನು, ತಂದೆಯ ಜೊತೆ ಬಂದಿದ್ದ. ತಂದೆ ಫಕ್ಕೀರಗೌಡರು. ದಪ್ಪ ಚಾಳೀಸು, ಕೈಯಲ್ಲಿ ಛತ್ರಿ. ಸುಮಿತ್ರಾ ಕೊಟ್ಟ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿದರು. ಸಾಲದ್ದಕ್ಕೆ, ಹಳೆಯ ಮೋರಿಗೆ ಹೊಸ ಗಿಲಾವು ಬಳಿದು ಹೊಸ ಮೋರಿ ಎಂದು ತೋರಿಸುವವರನ್ನು ಹಿಡಿಯುವುದರಲ್ಲೇ ಅವರ ನೌಕರಿ ಕಳೆದಿತ್ತಂತೆ. ಕುರ್ಚಿಯ ಮೇಲೆ ಕೂಡುವ ಮೊದಲು ಅಲ್ಲಾಡಿಸಿ ನೋಡಿದರು. ನನಗೆ ಭಯವೂ ಆಯಿತು, ಒಳಗೊಳಗೆ ಪ್ರೀತಿಯೂ ಹುಟ್ಟಿತು.

ವೀಣಾ ಬಂದು ಉಪ್ಪಿಟ್ಟು, ಶಿರಾ ಕೊಟ್ಟು ಕುಳಿತಳು. ಹುಡುಗನೂ ಅವಳೂ ಒಬ್ಬರನ್ನೊಬ್ಬರು ನೋಡಲಿಲ್ಲ. ಎಂಥ ಮರ್ಯಾದಸ್ಥರು ಎಂದುಕೊಂಡೆ. ಗೌಡರ ಕಣ್ಣು ವಿಮಾನದ ಮೇಲೆ ಬಿತ್ತು. ಯಾವ ಕಾಲದ್ದು ಎಂದು ಕೇಳಿದರು. ನಾನು ಹೆಮ್ಮೆಯಿಂದ, ಹೋದ ವರ್ಷ ಮಾಡಿದ್ದು, ಹಳೆಯದಾಗಿ ಕಾಣುವಂತೆ ಮಾಡಿದ್ದೇನೆ ಎಂದೆ. ಅವರು ವಿಮಾನವನ್ನು ಎತ್ತಿ ಹೊಟ್ಟೆಯ ಕೆಳಗೆ ನೋಡಿದರು, ಹೆಬ್ಬೆರಳಿನಿಂದ ಮಸಿಯನ್ನು ತಿಕ್ಕಿದರು. ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಮುಖ ನೋಡಿದರು.

‘ಮಾಸ್ತರ್ರ, ಹೊಸಾದನ್ನ ಇಷ್ಟು ಚೊಲೊ ಹಳೇದು ಮಾಡೂ ಕೈ, ಹಳೇದನ್ನ ಹೊಸಾದು ಮಾಡಂಗಿಲ್ಲ ಅಂತ ಹೆಂಗ ನಂಬೂದ್ರಿ?’

ನಾನು ನಕ್ಕೆ, ಯಾರೂ ನನ್ನ ಜೊತೆ ನಗಲಿಲ್ಲ. ಗೌಡರು ಎದ್ದರು. ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಬಡಿಯುತ್ತ ಹೊರಟರು. ಬಾಗಿಲ ಪಕ್ಕ ಬಡಿದರು, ಗಟ್ಟಿ. ಕಪಾಟಿನ ಪಕ್ಕ ಬಡಿದರು, ಗಟ್ಟಿ. ಕಿಟಕಿಯ ಹತ್ತಿರ ಬಡಿದಾಗ ಟೊಳ್ಳು ದನಿ ಬಂತು. ಇನ್ನೊಮ್ಮೆ ಬಡಿದರು. ಸುಮಿತ್ರಾ ನನ್ನತ್ತ ನೋಡಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ. ಮಗಳ ಬಾಳು ಆ ಪುಟ್ಟಿಯಷ್ಟೇ ಗಟ್ಟಿಯಾಗಿ ನಿಂತಿತ್ತು. ಏನಾದರೂ ಸುಳ್ಳು ಹೊಳೆಯಲಿ ಎಂದು ದೇವರನ್ನು ನೆನೆದೆ, ಹೊಳೆಯಲಿಲ್ಲ.

ಆಗ ವೀಣಾ ಎದ್ದು ನಿಂತಳು. ‘ಅಲ್ಲಿ ಬಿರುಕೈತ್ರಿ. ನೀವು ಬರ್ತೀರಿ ಅಂತ ಅಪ್ಪಾರು ಮುಚ್ಚ್ಯಾರ’ ಎಂದು, ಬಳೆಯ ಅಂಚಿನಿಂದ ಪುಟ್ಟಿಯನ್ನು ಕೆರೆದೇ ಬಿಟ್ಟಳು. ನನ್ನ ಅತ್ಯುತ್ತಮ ಕೆಲಸ ಪುಡಿಯಾಗಿ ನೆಲಕ್ಕುದುರಿತು. ಗೌಡರು ಚಾಳೀಸು ಸರಿಮಾಡಿಕೊಂಡು ಬಿರುಕಿನಲ್ಲಿ ಉಗುರು ಇಟ್ಟು, ಮೇಲಿನಿಂದ ಕೆಳಗೆ ನೋಡಿ, ದೊಡ್ಡದಾಗಿ ಉಸಿರು ಬಿಟ್ಟರು. ‘ಎರಿ ನೆಲದಾಗ ಬಿರುಕಿಲ್ಲದ ಮನಿ ಅಂದಕೂಡ್ಲೆ ನನಗ ಸಂಶೆ ಬಂದಿತ್ತು. ಈಗ ಸಮಾಧಾನಾತು ನೋಡ್ರಿ. ಮನಿ ಖರೇ ಐತಿ, ಹುಡುಗಿನೂ ಖರೇ ಮಾತಾಡ್ತಾಳ.’ ಕುಳಿತು, ಮುಟ್ಟದೆ ಬಿಟ್ಟಿದ್ದ ಶಿರಾ ತಿನ್ನತೊಡಗಿದರು. ನನಗೆ ಹೋದ ಜೀವ ಬಂತು. ಎಲ್ಲರೂ ನಕ್ಕರು, ಹುಡುಗನೂ ನಕ್ಕ, ಹಗುರಾದ. ಆ ಹಗುರಿನಲ್ಲಿಯೇ ವಿಮಾನವನ್ನು ಕೈಗೆತ್ತಿಕೊಂಡು ಬಾಲದ ಕಡೆ ನೋಡಿ ಮೆಚ್ಚುಗೆಯಿಂದ ನುಡಿದ.

‘ಈ ಹೊಗಿ ಈಗ ಭಾಳ ಚೊಲೊ ಬಂದೈತ್ರಿ ಸರ. ದೀಪಾವಳಿಯಾಗ ಕರ್ರಗ ಆಗಿತ್ತು.’

ದೀಪಾವಳಿಯಲ್ಲಿ ನಾನು ಬಾಲಕ್ಕೆ ರೊಟ್ಟಿ ಹಂಚಿನ ಮಸಿ ಹಚ್ಚಿದ್ದು ನಿಜ, ಅದು ವಿಪರೀತ ಕಪ್ಪಾಗಿ ಮರುದಿನವೇ ಒರೆಸಿದ್ದೂ ನಿಜ. ಆ ಒಂದು ದಿನ ಅದನ್ನು ಕಂಡವರು ನಾವು ಮನೆಯವರಷ್ಟೇ, ಮತ್ತು ವೀಣಾ ತನ್ನ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡಿದ್ದಳು. ಈ ಸಂಬಂಧದ ಮಾತು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಲೆಕ್ಕ ಹಾಕಲು ವಿಜ್ಞಾನದ ಮಾಸ್ತರನೇ ಬೇಕಾಗಿರಲಿಲ್ಲ. ಹುಡುಗನ ಕಿವಿ ಕೆಂಪಾದವು. ವೀಣಾ ಖಾಲಿ ತಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಯಾರೂ ಕೇಳದಿದ್ದರೂ ಸುಮಿತ್ರಾ ಚಾ ತರುತ್ತೇನೆಂದು ಒಳಗೆ ಹೋದಳು. ಚಮಚ ಹಿಡಿದ ಕೈ ಹಾಗೆಯೇ ನಿಲ್ಲಿಸಿ ಗೌಡರು ಮಗನನ್ನು ನೋಡಿದರು, ನನ್ನ ಮಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ‘ಮಾಸ್ತರ್ರ, ನಾವಿಬ್ಬರೂ ಗ್ವಾಡಿ ಬಡಕೋತ ಕುಂತ್ವಿ’ ಎಂದರು. ನನ್ನಷ್ಟೇ ಸಂಶಯದ ಮನುಷ್ಯನೊಬ್ಬ ನನ್ನಷ್ಟೇ ಮೋಸಹೋದದ್ದನ್ನು ಕಂಡು ನನಗೆ ಬಹಳ ಸಮಾಧಾನವಾಯಿತು. ಅಂದೇ ಸಕ್ಕರೆ ಕೊಟ್ಟು ಮದುವೆ ಗೊತ್ತುಮಾಡಿದೆವು.

ಸಂಜೆ ಬೀಗರನ್ನು ಬಸ್ಸಿಗೆ ಹತ್ತಿಸಿ ಬಂದು ಸುಮಿತ್ರಾಳನ್ನು ಹಿಡಿದು ಕೇಳಿದೆ. ಧಾರವಾಡದ ಟೀಚರ ತರಬೇತಿಗೆ ಹುಡುಗ ಪಾಠ ಹೇಳಲು ಬಂದಾಗ ಇಬ್ಬರೂ ಭೇಟಿಯಾಗಿದ್ದರಂತೆ. ವೀಣಾ ತಾಯಿಗೆ ಹೇಳಿದಳಂತೆ, ತಾಯಿ ತನ್ನ ಅಣ್ಣನಿಗೆ ಹೇಳಿದಳಂತೆ, ಅಣ್ಣ ಏನೂ ಅರಿಯದವನಂತೆ ಎರಡೂ ಮನೆಗೆ ಸಂಬಂಧ ಸೂಚಿಸಿದನಂತೆ. ವಿಮಾನವನ್ನು ಪಡಸಾಲೆಯಲ್ಲಿ ಇಡಿಸಿದ್ದೂ ಹುಡುಗನಿಗೆ ಅದನ್ನು ಕಣ್ಣಾರೆ ನೋಡುವ ಆಸೆಯಿತ್ತೆಂದೇ ಅಂತೆ. ನನಗೇಕೆ ಹೇಳಲಿಲ್ಲ ಎಂದು ಸಿಟ್ಟಿನಿಂದ ಕೇಳಿದೆ. ಹೇಳಿದ್ದರೆ ನಾನು ಸಂಶಯಪಡುತ್ತಿದ್ದೆನಂತೆ. ಪಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಕಾದ ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರುತ್ತ ಅವಳೆಂದಳು, ‘ನೀವು ಹೊಸಾದನ್ನ ಹಳೇದು ಮಾಡಾಕ ವರ್ಷ ತಗೊಂಡ್ರಿ. ನಿಮ್ಮ ಮಗಳು ಹಳೇದನ್ನ ಹೊಸಾದು ಮಾಡಿ ನಿಮ್ಮ ಮುಂದ ತಂದಿಟ್ಟಳು. ಕೈಗೆ ಬಣ್ಣ ಸೈತ ಹತ್ತಲಿಲ್ಲ.’

ಒಪ್ಪಬೇಕಾದ ಮಾತು. ಒಪ್ಪಿ ಸುಮ್ಮನೆ ಉಣ್ಣಲು ಕೂಡುವವನಿದ್ದೆ. ಆದರೆ ಮಣೆಯ ಮೇಲೆ ಕೂಡುವಷ್ಟರಲ್ಲಿ ಇನ್ನೊಂದು ವಿಚಾರ ತಲೆಗೆ ಹೊಕ್ಕಿತು. ನಮ್ಮ ಮದುವೆಗೆ ಮುಂಚೆ ನಾನು ಇವಳನ್ನು ನೋಡಲು ಹೋಗಿದ್ದೆನಲ್ಲ, ಅಂದೂ ಸಂಬಂಧ ತಂದವನು ಇದೇ ಅಣ್ಣ. ಅಂದು ಇವಳು ತಲೆ ತಗ್ಗಿಸಿ ಕುಳಿತಿದ್ದಳು, ನನ್ನನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದಾಳೆ ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ‘ಖರೇ ಹೇಳು, ಅದಕ್ಕಿಂತ ಮದಲ ನೀ ನನ್ನ ಎಲ್ಲೆರ ನೋಡಿದ್ಯೇನು?’ ಎಂದು ಕೇಳಿದೆ.

ಸುಮಿತ್ರಾ ರೊಟ್ಟಿಯನ್ನು ತಿರುವಿ ಹಾಕಿದಳು. ‘ರೊಟ್ಟಿ ಆರತೈತಿ, ಉಣ್ರಿ’ ಎಂದಳು.